ಕೂಡಿ ನುಡಿಸುವ ವಿದ್ಯೆ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಮೃದಂಗ ಕಲಿಯುವ ಬಾಲಕರಿಗೆ ಕೊರತೆಯಿಲ್ಲ. ಸಾಯಂಕಾಲದ ವೇಳೆ ಈ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ನಡೆದುಹೋಗುವವರಿಗೆ ಯಾವುದಾದರೊಂದು ಮನೆಯೊಳಗಿನಿಂದ ಪಾಠದ ಸೊಲ್ಲು ಕೇಳಿಸದೆ ಇರದು. ಕಲಿಸಬಲ್ಲ ವಿದ್ವಾಂಸರಿದ್ದಾರೆ, ಮಕ್ಕಳನ್ನು ಶ್ರದ್ಧೆಯಿಂದ ಕಳುಹಿಸುವ ತಾಯಿತಂದೆಗಳೂ ಇದ್ದಾರೆ. ಆದರೂ ಪೌರರ ಮುಂದೆ ಒಂದು ಪ್ರಶ್ನೆಯನ್ನು ಇಡುವುದು ಅವಶ್ಯವೆಂದು ನಮಗೆ ತೋರುತ್ತದೆ. ಈ ಮಕ್ಕಳಲ್ಲಿ ಎಷ್ಟು ಮಂದಿ ತಮ್ಮ ವಯಸ್ಸಿನ ಮತ್ತೊಬ್ಬನ ಪಕ್ಕದಲ್ಲಿ ಕುಳಿತು, ಅವನ ನಾದವನ್ನು ಕೇಳುತ್ತ, ಕಾಲ ಕೆಡದಂತೆ ಹತ್ತು ನಿಮಿಷ ನುಡಿಸಬಲ್ಲರು? ಉತ್ತರವು ಸಂತೋಷಕರವಾಗಿರಲಾರದು. ತಾಳವಾದ್ಯಗಳನ್ನು ಕೂಡಿ ನುಡಿಸುವುದನ್ನು ಆರಂಭದ ಪಾಠಗಳಿಂದಲೇ ಕಲಿಸತಕ್ಕದ್ದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಮೃದಂಗವು ಸ್ವಭಾವತಃ ಸಹವಾಸದ ವಾದ್ಯ. ಗಾಯಕನೂ ಪಿಟೀಲು ವಿದ್ವಾಂಸನೂ ಇಲ್ಲದೆ ಅದಕ್ಕೆ ಕಚೇರಿಯಿಲ್ಲ. ಘಟ, ಖಂಜರಿ, ಮೋರ್ಸಿಂಗುಗಳು ಜೊತೆಗೂಡಿದಾಗ ಅದರ ಕಳೆಯೇ ಬೇರೆ. ಹೀಗಿರುವ ವಾದ್ಯವನ್ನು ನಾವು ಮಕ್ಕಳಿಗೆ ಏಕಾಂತದಲ್ಲಿ ಕಲಿಸುತ್ತೇವೆ. ಗುರುವಿನೆದುರು ಒಬ್ಬನೇ ಶಿಷ್ಯ. ಮನೆಯಲ್ಲಿ ಒಬ್ಬನೇ ಸಾಧಕ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳಲ್ಲಿಯೂ ಒಬ್ಬೊಬ್ಬನನ್ನೇ ಒರೆಗೆ ಹಚ್ಚುವ ಪದ್ಧತಿ. ಹತ್ತನೆಯ ತರಗತಿಯ ಭಾರ ತಲೆಯ ಮೇಲೆ ಬಿದ್ದೊಡನೆ ವಾದ್ಯವು ಅಟ್ಟವನ್ನು ಸೇರುತ್ತದೆ. ಸಮಯ ಸಾಲದೆಂದು ಮನೆಯವರು ಹೇಳುವರು. ಆದರೆ ಚೆಂಡಾಟಕ್ಕೆ ಅದೇ ಬಾಲಕನಿಗೆ ಸಮಯವು ಹೇಗೋ ಒದಗುವುದು, ಏಕೆಂದರೆ ಅಲ್ಲಿ ಗೆಳೆಯರು ಕಾದಿರುತ್ತಾರೆ. ಮೃದಂಗಕ್ಕಾಗಿ ಅವನನ್ನು ಯಾರೂ ಕಾಯುತ್ತಿರುವುದಿಲ್ಲ.

ಕೂಡಿ ನುಡಿಸುವ ಪಾಠಕ್ಕೆ ಮೊದಲ ದಿನ ವಾದ್ಯವೇ ಬೇಕಿಲ್ಲ. ಬಾಯಿಯೂ ಅಂಗೈಗಳೂ ಸಾಕು. ಹತ್ತು ಮಕ್ಕಳನ್ನು ಎರಡು ಸಾಲಾಗಿ ಕೂರಿಸಿ, ಒಂದು ಸಾಲಿನವರಿಂದ ಆದಿತಾಳದ ಎಂಟು ಅಕ್ಷರಗಳನ್ನು ಹಾಕಿಸಬೇಕು. ಎದುರು ಸಾಲಿನವರು ಸೊಲ್ಲನ್ನು ಹೇಳಬೇಕು. ಅನಂತರ ಸರದಿ ಬದಲಾಗಬೇಕು. ಇದು ನೆಲೆನಿಂತ ಮೇಲೆ ಒಂದು ಸಾಲಿನವರು ‘ತಕಿಟ’ ಎಂದು ಮೂರು ಮೂರಾಗಿಯೂ, ಇನ್ನೊಂದು ಸಾಲಿನವರು ‘ತಕಧಿಮಿ’ ಎಂದು ನಾಲ್ಕು ನಾಲ್ಕಾಗಿಯೂ ಏಕಕಾಲದಲ್ಲಿ ಹೇಳಲಿ. 12 ಮಾತ್ರೆಗಳು ಮುಗಿದು 13ನೆಯದು ಬಂದಾಗ ಎರಡೂ ಸಾಲುಗಳ ‘ತ’ಕಾರವು ಒಟ್ಟಿಗೆ ಬೀಳುವುದು. ತಿಶ್ರ, ಚತುರಶ್ರಗಳೆಂಬ ಹೆಸರುಗಳನ್ನು ಅರಿಯದ ಏಳೆಂಟು ವರ್ಷದ ಮಗುವಿಗೂ ಆ ಕೂಡುವಿಕೆಯ ಸುಖ ತಿಳಿಯುತ್ತದೆ. ಒಮ್ಮೆ ಅದು ತಿಳಿದ ಮಗುವಿಗೆ ಲೆಕ್ಕವು ಶಿಕ್ಷೆಯೆಂದು ತೋರದು.

ಮುಂದಿನ ಮೆಟ್ಟಲು ಮೌನದ ಪಾಠ. ಆದಿತಾಳದ ಒಂದು ಆವರ್ತಕ್ಕೆ ಅಕ್ಷರಕ್ಕೆ ನಾಲ್ಕರಂತೆ 32 ಮಾತ್ರೆಗಳು. ‘ತದಿಗಿಣತೊಂ’ ಎಂಬ ಐದು ಮಾತ್ರೆಗಳ ಸೊಲ್ಲನ್ನು ಮೂರು ಸಲ ಹೇಳಿ, ನಡುವೆ ಒಂದೊಂದು ಮಾತ್ರೆ ಸುಮ್ಮನಿದ್ದರೆ ಒಟ್ಟು 17 ಮಾತ್ರೆಗಳಾಗುತ್ತವೆ. 16ನೆಯ ಮಾತ್ರೆಯಲ್ಲಿ ಇದನ್ನು ಎತ್ತಿಕೊಂಡರೆ ಆವರ್ತದ ಅಂತ್ಯಕ್ಕೆ ಸರಿಯಾಗಿ ಮುಗಿದು ಸಮವು ಕೈಗೆ ಸಿಗುತ್ತದೆ. ಒಬ್ಬನೇ ನುಡಿಸುವ ಹುಡುಗನು ಆ ಎರಡು ಮೌನಗಳನ್ನು ಅವಸರದಲ್ಲಿ ನುಂಗಿದರೂ ಅವನಿಗೆ ಅದರ ಅರಿವಾಗದೆ ಹೋಗಬಹುದು. ಹತ್ತು ಮಂದಿ ನಡುವೆ ನುಂಗಿದವನ ಪೆಟ್ಟೊಂದೇ ಕೇಳಿಸುತ್ತದೆ. ಗುರುವು ಗದರಿಸುವ ಮೊದಲೇ ಅವನು ತನ್ನನ್ನು ತಿದ್ದಿಕೊಳ್ಳುತ್ತಾನೆ. ಯಾವಾಗ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು, ಘಟದ ನಾದ ಕೇಳಬೇಕಾದಲ್ಲಿ ತನ್ನ ಕೈಯನ್ನು ಎಷ್ಟು ಹಗುರ ಮಾಡಬೇಕು, ಈ ಮೂರನ್ನೂ ಮಗುವು ಸಂಗಡಿಗರಿಂದಲೇ ಕಲಿಯಬಲ್ಲದು.

ಇದು ನಮ್ಮ ನಗರಕ್ಕೆ ಹೊಸತಾದ ಮಾತೇನೂ ಅಲ್ಲ. ವಿದ್ವಾನ್ ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ‘ತಾಳ ತರಂಗಿಣಿ’ ಎಂಬ ವೃಂದವನ್ನು ಕಟ್ಟಿ, ತಾಳವಾದ್ಯಗಳೇ ಕಚೇರಿಯ ಮುಖ್ಯಾಂಗವಾಗಬಲ್ಲವೆಂಬುದನ್ನು ಹೊರದೇಶಗಳಲ್ಲಿಯೂ ತೋರಿಸಿಕೊಟ್ಟರು. ಅವರು 2020ರಲ್ಲಿ ನಿಧನರಾದರು. ಬೆಂಗಳೂರು ಕೆ. ವೆಂಕಟರಾಂ ಅವರು 1981ರಲ್ಲಿ ತಾಳವಾದ್ಯಗಳಿಗೆಂದೇ ಪರ್ಕಸ್ಸಿವ್ ಆರ್ಟ್ಸ್ ಸೆಂಟರ್ ಎಂಬ ಸಭೆಯನ್ನು ತೆರೆದರು. ಹೆಂಗಸರಿಗೆ ಸಲ್ಲದೆಂದು ಅನೇಕರು ಬಗೆದಿದ್ದ ಘಟವನ್ನು ಸಾಧಿಸಿ, ಸಂಗೀತ ನಾಟಕ ಅಕಾಡೆಮಿಯ 2014ರ ಪುರಸ್ಕಾರವನ್ನು ಪಡೆದ ಶ್ರೀಮತಿ ಸುಕನ್ಯಾ ರಾಮಗೋಪಾಲ್ ಅವರು ಸ್ತ್ರೀಯರದೇ ಆದ ‘ಸ್ತ್ರೀ ತಾಳ ತರಂಗ’ವನ್ನು ಇದೇ ಊರಿನಲ್ಲಿ ಕಟ್ಟಿದರು. ಪ್ರೌಢರು ಸಾಧಿಸಿ ತೋರಿಸಿದ ಈ ಮಾರ್ಗವನ್ನು ಬಾಲಪಾಠಕ್ಕೆ ಇಳಿಸುವ ಕಾರ್ಯ ಮಾತ್ರ ಉಳಿದಿದೆ.

ಇನ್ನೂ ಸಮೀಪದಲ್ಲಿರುವ ಒಂದು ಸಂಪತ್ತನ್ನು ನಾವು ಕಡೆಗಣಿಸಿದ್ದೇವೆ. ಡೊಳ್ಳು, ತಮಟೆಗಳನ್ನು ನಮ್ಮ ಗ್ರಾಮಗಳಲ್ಲಿ ಯಾರೂ ಕೋಣೆಯೊಳಗೆ ಕುಳಿತು ಒಬ್ಬಂಟಿಯಾಗಿ ಕಲಿಯುವುದಿಲ್ಲ. ಬೀರದೇವರ ಗುಡಿಯ ಮುಂದೆ ಹಿರಿಯರ ಸಾಲಿನ ತುದಿಯಲ್ಲಿ ನಿಂತ ಹುಡುಗನು ಹೆಜ್ಜೆ, ಗತಿ, ಪೆಟ್ಟುಗಳನ್ನು ಒಟ್ಟಿಗೇ ಕಲಿಯುತ್ತಾನೆ. ಶಿಡ್ಲಘಟ್ಟ ಸೀಮೆಯ ಪಿಂಡಿಪಾಪನಹಳ್ಳಿಯ ಶ್ರೀ ಮುನಿವೆಂಕಟಪ್ಪನವರಿಗೆ ತಮಟೆಯ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತುದನ್ನು ವಾಚಕರು ಬಲ್ಲರು. ಪ್ರಶಸ್ತಿಯ ವಾರ್ತೆಯನ್ನೋದಿ ಹರ್ಷಿಸಿದ ನಾವು, ಆ ವಿದ್ಯೆಯನ್ನು ಬಲ್ಲವರನ್ನು ನಮ್ಮ ಬಡಾವಣೆಯ ಪಾಠಶಾಲೆಗೆ ಉಪಾಧ್ಯಾಯರಾಗಿ ಕರೆದಿದ್ದೇವೆಯೇ? ಮೃದಂಗದ ವಿದ್ವಾಂಸರೂ ತಮಟೆಯ ಗುರುಗಳೂ ಒಂದೇ ಜಗಲಿಯಲ್ಲಿ ಕುಳಿತು ಮಕ್ಕಳಿಗೆ ಕಲಿಸುವ ದಿನ ಬಂದರೆ, ಚರ್ಮವಾದ್ಯಗಳ ಸುತ್ತ ನಾವು ಬೆಳೆಸಿಕೊಂಡಿರುವ ಮೇಲುಕೀಳಿನ ಎಣಿಕೆಯೂ ಅಷ್ಟರಮಟ್ಟಿಗೆ ಸಡಿಲವಾದೀತು.

ಗುಂಪಿನಲ್ಲಿ ಕಲಿಸಿದರೆ ಕೈಯ ಶುದ್ಧಿ ಕೆಡುವುದೆಂದು ಕೆಲವು ವಿದ್ವಾಂಸರು ಆಕ್ಷೇಪಿಸಬಹುದು. ಅವರ ಭಯವು ನಿರಾಧಾರವಾದುದಲ್ಲ. ಬೆರಳಿನ ದೋಷವು ಹತ್ತು ನಾದಗಳ ಮರೆಯಲ್ಲಿ ಅಡಗಬಲ್ಲದು; ಅದನ್ನು ತಿದ್ದಲು ಗುರುವಿನ ಮುಂದೆ ಒಬ್ಬೊಬ್ಬನೇ ಕೂರಲೇಬೇಕು. ಆ ಪಾಠವನ್ನು ಬಿಡಿಸಬೇಕೆಂದು ನಾವು ಹೇಳುವುದಿಲ್ಲ. ಅದರ ಜೊತೆಗೆ ವಾರಕ್ಕೊಂದು ಗಂಟೆಯ ಕೂಟವನ್ನು ಬೇಡುತ್ತೇವೆ. ನೆರೆಯ ಕೇರಳದಲ್ಲಿ ಚೆಂಡೆಯ ಶಿಷ್ಯರು ಮೊದಲು ಕಲ್ಲಿನ ಅಥವಾ ಮರದ ಮೇಲೆ ಕೋಲಿನಿಂದ ಅಭ್ಯಾಸಮಾಡಿ, ಪಳಗಿದ ಮೇಲೆ ಅನೇಕ ಕಡೆ ಗುಂಪಾಗಿಯೇ ರಂಗಪ್ರವೇಶ ಮಾಡುತ್ತಾರೆ. ಅದರಿಂದ ಅಲ್ಲಿಯ ಮೇಳಗಳ ಕೈ ಕೆಟ್ಟಿತೆಂದು ಯಾರೂ ಹೇಳರು.

ವೆಚ್ಚದ ಆಕ್ಷೇಪವೂ ನಿಲ್ಲುವಂಥದ್ದಲ್ಲ. ಹಲಸಿನ ಮರದ ಮೃದಂಗವು ಬಡ ಸಂಸಾರಕ್ಕೆ ಭಾರವೇ ಸರಿ. ಹತ್ತು ಮೃದಂಗಗಳನ್ನು ಒಂದೇ ಶ್ರುತಿಗೆ ಸೇರಿಸುವುದೂ ಸುಲಭವಲ್ಲ. ಆದರೆ ಮೊದಲ ಆರು ತಿಂಗಳು ಬಾಯಿಯ ಸೊಲ್ಲಿನಿಂದಲೂ ಮಣೆಯ ಮೇಲಿನ ಕೈಪಾಠದಿಂದಲೂ ಕಳೆಯಬಹುದು. ಆಮೇಲೆ ಒಂದೆರಡು ಮೃದಂಗ, ಒಂದು ಘಟ, ಒಂದೆರಡು ಖಂಜರಿಗಳಿದ್ದರೆ ಸರದಿಯಂತೆ ಎಲ್ಲರ ಕೈಗೂ ವಾದ್ಯ ದೊರೆಯುತ್ತದೆ.

ಮಾಡಬೇಕಾದುದು ಇಷ್ಟೆ. ಜೂನಿಯರ್ ಪರೀಕ್ಷೆಯಲ್ಲಿ ನಾಲ್ಕು ಮಕ್ಕಳು ಕೂಡಿ ನುಡಿಸುವ ಒಂದು ಭಾಗವನ್ನು ಅಧಿಕಾರಿಗಳು ಸೇರಿಸಲಿ. ಪರೀಕ್ಷೆಯಲ್ಲಿಲ್ಲದುದನ್ನು ಕಲಿಸುವವರು ವಿರಳವೆಂಬುದು ಅವರಿಗೆ ತಿಳಿಯದುದಲ್ಲ. ಶನಿವಾರ ಮಧ್ಯಾಹ್ನ ಬೀಗ ಹಾಕಿರುವ ಶಾಲೆಗಳ ಒಂದು ಕೊಠಡಿಯನ್ನು ಬಾಲಕ ಬಾಲಕಿಯರಿಬ್ಬರ ಕೂಟಕ್ಕೂ ಬಿಟ್ಟುಕೊಡಲಿ. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜ, 1939ರಲ್ಲಿ ಚಾಮರಾಜಪೇಟೆಯಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯಂತಹ ಹಿರಿಯ ಸಭೆಗಳು ದೊಡ್ಡ ಕಚೇರಿಗೆ ಮುಂಚೆ ಮಕ್ಕಳ ತಾಳವಾದ್ಯ ಗೋಷ್ಠಿಗೆ ಅರ್ಧ ಗಂಟೆಯನ್ನು ಮೀಸಲಿಡಲಿ.

ಈ ಕೂಟಗಳಿಗೆ ಬರುವ ಮಕ್ಕಳೆಲ್ಲರೂ ವಿದ್ವಾಂಸರಾಗರು. ಆಗಬೇಕೆಂಬ ಆಸೆಯೂ ನಮಗಿಲ್ಲ. ಅವರಲ್ಲಿ ಹೆಚ್ಚಿನವರು ಗುಮಾಸ್ತರೋ ಇಂಜಿನಿಯರರೋ ಉಪಾಧ್ಯಾಯರೋ ಆಗಿ ಕಚೇರಿಗಳಲ್ಲಿ ಶ್ರೋತೃಗಳಾಗಿ ಕೂರುವರು. ತನಿ ಆವರ್ತನ ಎತ್ತಿದೊಡನೆ ಅರ್ಧ ಸಭೆಯೇ ಕಾಫಿಗೆ ಏಳುವ ಇಂದಿನ ಅನಾಚಾರಕ್ಕೆ ಅಂತಹ ಶ್ರೋತೃಗಳೇ ಮದ್ದು. ತನ್ನ ಪೆಟ್ಟಿಗಿಂತ ಮೊದಲು ಪಕ್ಕದವನ ಪೆಟ್ಟನ್ನು ಕೇಳಲು ಹತ್ತು ವರ್ಷದಲ್ಲಿಯೇ ಕಲಿತವನು ಸಭೆಯಲ್ಲಿಯೂ ಸಮಿತಿಯಲ್ಲಿಯೂ ಆ ಅಭ್ಯಾಸವನ್ನು ಪೂರ್ತಿ ಮರೆಯಲಾರನು. ಬರುವ ವಿಜಯದಶಮಿಯ ವಿದ್ಯಾರಂಭಕ್ಕಾದರೂ ನಮ್ಮ ಮೂರು ಬಡಾವಣೆಗಳಲ್ಲಿ ಒಂದೊಂದು ಕೂಟವು ಮೊದಲಾಗಲೆಂದು ಸಭೆಗಳವರನ್ನೂ ಅಧಿಕಾರಿಗಳನ್ನೂ ನಾವು ಒತ್ತಿ ಕೇಳಿಕೊಳ್ಳುತ್ತೇವೆ.