ಬಾಡಿಗೆಯ ಮೇಲೊಂದು ಬಾಡಿಗೆ

ಬಾಗಲಕೋಟೆ ಜಿಲ್ಲೆಯ ಪಟ್ಟಣಗಳಲ್ಲಿ ವಾಸದ ಸ್ವರೂಪ ಬದಲಾಗಿದೆ. ಆಲಮಟ್ಟಿ ಹಿನ್ನೀರಿನ ಸಂತ್ರಸ್ತರಿಗಾಗಿ ನಿರ್ಮಾಣವಾದ ನವನಗರದಲ್ಲಿ ಇಂದು ಬಹುಮಹಡಿ ಮನೆಗಳೆದ್ದಿವೆ. ಬಾದಾಮಿ, ಹುನಗುಂದ, ಇಳಕಲ್‌ಗಳಲ್ಲೂ ಒಂದೇ ಕಟ್ಟಡದಲ್ಲಿ ಹಲವು ಕುಟುಂಬಗಳು ಬಾಡಿಗೆಗಿವೆ. ಹಾಗೆಯೇ ಹೊಸದೊಂದು ಜಗಳವೂ ಹುಟ್ಟಿಕೊಂಡಿದೆ. ಅದು ಬಾಡಿಗೆಯ ಕುರಿತದ್ದಲ್ಲ. ಪಂಪು, ಮೆಟ್ಟಿಲ ದೀಪ, ಕಾವಲುಗಾರ, ಟ್ಯಾಂಕ್ ಸ್ವಚ್ಛತೆ ಮುಂತಾದವುಗಳ ಹೆಸರಲ್ಲಿ ಕೇಳಲಾಗುವ ‘ಮೇಂಟೆನೆನ್ಸ್’ ಕುರಿತದ್ದು. ಇದನ್ನು ತೆರಬೇಕಾದವರು ಯಾರು?

ಕಾನೂನಿನಿಂದ ಬಡ ಬಾಡಿಗೆದಾರನಿಗೆ ಸಿಗುವ ಆಸರೆ ಅಲ್ಪ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಪ್ರದೇಶಕ್ಕನುಗುಣವಾಗಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಸಾಮಾನ್ಯ ವೆಚ್ಚವನ್ನು ಹೊರಿಸುವುದು ಫ್ಲ್ಯಾಟಿನ ಒಡೆಯನ ಮೇಲೆ. ಒಡೆಯ ಅದನ್ನು ಬಾಡಿಗೆದಾರನಿಂದ ಪಡೆಯಬೇಕಾದರೆ ಕರಾರಿನ ಆಧಾರ ಬೇಕು. ಆದರೆ ನಮ್ಮಲ್ಲಿ ಕರಾರು ಬಹುತೇಕ ಬಾಯಿಮಾತಿನದು.

ಇಸ್ಲಾಮೀ ಕರ್ಮಶಾಸ್ತ್ರ ಈ ವಿಷಯದಲ್ಲಿ ಗೊಂದಲಕ್ಕೆಡೆಗೊಟ್ಟಿಲ್ಲ. ಹನಫೀ ಕರ್ಮಶಾಸ್ತ್ರವನ್ನಾಧರಿಸಿ 19ನೇ ಶತಮಾನದಲ್ಲಿ ಉಸ್ಮಾನಿಯಾ ಆಡಳಿತ ರೂಪಿಸಿದ ‘ಮಜಲ್ಲಾ’ ಸಂಹಿತೆಯ ಪ್ರಕಾರ ಮನೆಯ ದುರಸ್ತಿ, ನೀರಿನ ಕೊಳವೆಗಳ ದುರಸ್ತಿ ಮಾಲಕನ ಹೊಣೆ. ವಾಸದ ಅವಧಿಯಲ್ಲಿ ಕೂಡಿದ ಕಸ ತೆಗೆಸುವುದು ಬಾಡಿಗೆದಾರನ ಹೊಣೆ. 2021ರಲ್ಲಿ ಕೇಂದ್ರ ಸರಕಾರ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆಯೂ ಹೆಚ್ಚುಕಡಿಮೆ ಇದೇ ಹಾದಿ ಹಿಡಿದಿದೆ: ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಕೊಳವೆ ಬದಲಾವಣೆ ಮಾಲಕನಿಗೆ; ನಲ್ಲಿಯ ವಾಷರ್, ಸ್ವಿಚ್ಚು, ಚರಂಡಿ ಶುಚಿ ಬಾಡಿಗೆದಾರನಿಗೆ. ಕಟ್ಟಡ ಉಳಿಯಲು ಬೇಕಾದ ಖರ್ಚು ಅದರ ಒಡೆಯನದು, ಬಳಕೆಯಿಂದ ಬರುವ ಖರ್ಚು ಬಳಸುವವನದು ಎಂಬುದೇ ನ್ಯಾಯ.

ಆದರೆ ನಡೆಯುತ್ತಿರುವುದೇನು? ಟ್ಯಾಂಕ್ ಸೋರಿದರೆ ಬಾಡಿಗೆದಾರರಿಂದ ವಂತಿಗೆ ಎತ್ತುವವರಿದ್ದಾರೆ. 2023ರಲ್ಲಿ ಜಾರಿಗೆ ಬಂದ ‘ಗೃಹಜ್ಯೋತಿ’ಗೆ ಬಾಡಿಗೆದಾರರೂ ಅರ್ಹರು. ಬಿಲ್ಲು ಶೂನ್ಯವಾದ ಮೇಲೂ ಅದೇ ಮನೆಯ ವಿದ್ಯುತ್ತಿನ ಹೆಸರಲ್ಲಿ ಹಣ ಪಡೆಯುವುದನ್ನು ಯಾವ ಲೆಕ್ಕಕ್ಕೆ ಸೇರಿಸೋಣ? ಪರಸ್ಪರರ ಸಂಪತ್ತನ್ನು ಅನ್ಯಾಯವಾಗಿ ತಿನ್ನಬಾರದೆಂಬ ಕುರ್‌ಆನಿನ ಆದೇಶ (4:29) ಮಾಲಕನಿಗೂ ಅನ್ವಯಿಸುತ್ತದೆ. ಹಾಗೆಂದು ಬಾಡಿಗೆದಾರರೆಲ್ಲ ನಿರ್ದೋಷಿಗಳೇನಲ್ಲ. ಒಪ್ಪಿದ ಶುಲ್ಕ ಬಾಕಿಯಿಟ್ಟು ರಾತ್ರೋರಾತ್ರಿ ಮನೆ ಖಾಲಿ ಮಾಡುವುದೂ ವಚನಭಂಗವೇ. ಬಾಡಿಗೆಯೊಂದರಿಂದಲೇ ಬದುಕುವ ವಿಧವೆಯರು, ವೃದ್ಧರು ನಮ್ಮ ನಡುವೆ ಇದ್ದಾರೆ.

ಪರಿಹಾರ ಕಷ್ಟದ್ದಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ (2:282) ಕಲಿಸಿದ ಸಮುದಾಯ ಬಾಡಿಗೆಯ ಕರಾರನ್ನೇಕೆ ಬರೆಯಬಾರದು? ಬಾಡಿಗೆ ಎಷ್ಟು, ನಿರ್ವಹಣಾ ಶುಲ್ಕ ಎಷ್ಟು, ಅದರಲ್ಲಿ ಯಾವ ಸೇವೆಗಳಿವೆ, ಹೆಚ್ಚಿಸುವುದಾದರೆ ಎಂದು, ಡಿಪಾಸಿಟ್‌ನಿಂದ ಏನನ್ನು ಕಳೆಯಬಹುದು ಎಂಬ ಐದು ಸಾಲು ಸಾಕು. ಖರ್ಚಿನ ಲೆಕ್ಕ ತಿಂಗಳಿಗೊಮ್ಮೆ ಎಲ್ಲರ ಕಣ್ಣಿಗೆ ಬೀಳಲಿ. ಮಳಿಗೆ, ಮನೆಗಳನ್ನು ಬಾಡಿಗೆಗೆ ಕೊಟ್ಟಿರುವ ಮಸೀದಿ ಜಮಾಅತ್‌ಗಳು ಮೊದಲು ತಮ್ಮ ಕರಾರುಗಳನ್ನು ಸರಿಪಡಿಸಿ ಮಾದರಿಯಾಗಲಿ. ಜುಮಾ ಖುತ್ಬಾಗಳಲ್ಲಿ ಈ ವಿಷಯ ಚರ್ಚೆಗೆ ಬರಲಿ. ರಾಜ್ಯ ಸರಕಾರವೂ ಕಾಲು ಶತಮಾನದ ಹಿಂದಿನ ಮಿತಿಯನ್ನು ಇಂದಿನ ಬಾಡಿಗೆಗೆ ತಕ್ಕಂತೆ ಪರಿಷ್ಕರಿಸಲಿ.

ನಮಾಝಿನ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಮಾಲಕ ಮತ್ತು ಬಾಡಿಗೆದಾರ, ಮೆಟ್ಟಿಲಲ್ಲಿ ಎದುರಾದಾಗ ಮುಖ ತಿರುಗಿಸುವಂತಾಗಬಾರದು.