ಅರಳುಮರಳೆಂಬ ಮಾತು

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ವೃದ್ಧರು ಉಂಡದ್ದನ್ನು ಮರೆತು ಮತ್ತೆ ಅನ್ನ ಕೇಳಿದರೆ, ಹೆತ್ತ ಮಗನನ್ನೇ 'ನೀನಾರಪ್ಪಾ?' ಎಂದರೆ, ಈ ಗಾದೆಯನ್ನು ಹೇಳಿ ನಕ್ಕುಬಿಡುತ್ತೇವೆ, ಇಲ್ಲವೇ ಗದರುತ್ತೇವೆ. ಓದಿದವರಾದರೂ ಈ ರೂಢಿಯನ್ನು ಬಿಡಬೇಕೆಂಬುದು ನನ್ನ ವಾದ.

ನರಕೋಶದೊಳಗೆ ಸೂಕ್ಷ್ಮನಾಳಗಳ ಒಂದು ಹಂದರವುಂಟು. ಬೆನ್ನುಹುರಿಯಿಂದ ಪಾದದತ್ತ ಇಳಿಯುವ ನರತಂತು ಸುಮಾರು 1 ಮೀಟರ್ ಉದ್ದವಿರಬಹುದು. ಅಷ್ಟು ದೂರಕ್ಕೂ ಕೋಶದ ಸಾಮಗ್ರಿ ಸಾಗುವುದು ಈ ನಾಳಗಳ ಹಾದಿಯಲ್ಲಿಯೇ. ಈ ಹಂದರವನ್ನು ಹದದಲ್ಲಿಡುವ ಪ್ರೋಟೀನುಗಳಲ್ಲಿ 'ಟೌ' ಒಂದು. ಇದನ್ನು 1975ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಗುರುತಿಸಿದರು. ಸಾರುವೆಯ ಬೊಂಬುಗಳನ್ನು ಬಿಗಿದಿರುವ ಹಗ್ಗಕ್ಕೆ ಅದನ್ನು ಹೋಲಿಸಬಹುದು. ಟೌವಿಗೆ ಫಾಸ್ಫೇಟು ಮಿತಿಮೀರಿ ಅಂಟಿಕೊಂಡರೆ ಅದು ನಾಳವನ್ನು ಬಿಟ್ಟು, ತನಗೆ ತಾನೇ ಹೆಣೆದುಕೊಂಡು ಸಿಕ್ಕುಗಟ್ಟುತ್ತದೆ.

ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಜೈಮರ್ 1906ರಲ್ಲಿ, ಮರೆವಿನಿಂದ ನರಳಿ ಸತ್ತ ಸ್ತ್ರೀಯೊಬ್ಬಳ ಮಿದುಳಿನಲ್ಲಿ ಕಂಡದ್ದು ಇಂಥ ಸಿಕ್ಕುಗಳನ್ನೇ. ಅವು ಟೌವಿನಿಂದಾದುವೆಂದು 1980ರ ದಶಕದಲ್ಲಿ ತಿಳಿಯಿತು. ಆಕೆ ತೀರಿಕೊಂಡಾಗ ವಯಸ್ಸು 55. ಗಾದೆ ಹೇಳುವ ಅರವತ್ತು ಕೂಡ ಆಗಿರಲಿಲ್ಲ! ಇತ್ತ ತೊಂಬತ್ತರಲ್ಲಿಯೂ ಬುದ್ಧಿ ಚುರುಕಾಗಿರುವ ಹಿರಿಯರನ್ನು ನಾವು ಕಾಣುತ್ತೇವೆ. ವಯಸ್ಸು ಹೆಚ್ಚಿದಂತೆ ಅಪಾಯ ಹೆಚ್ಚುವುದು ನಿಜ. ಆದರೆ ವಯಸ್ಸೇ ರೋಗವಲ್ಲ.

'ಪೂರ್ತಿ ವಾಸಿಮಾಡುವ ಮದ್ದೇ ಇಲ್ಲವಲ್ಲ, ರೋಗದ ಹೆಸರು ತಿಳಿದು ಫಲವೇನು?' ಎಂದು ಕೆಲವರು ಕೇಳಬಹುದು. ಮರೆವೆಲ್ಲವೂ ಟೌವಿನ ಕೆಲಸವಲ್ಲ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯದಿಂದಲೂ ಬಿ12 ಜೀವಸತ್ವದ ಕೊರತೆಯಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯುಂಟು. ಎಲ್ಲವನ್ನೂ ಅರಳುಮರಳೆಂದು ಮೂಲೆಗೆ ತಳ್ಳಿದರೆ ಗುಣವಾಗಬಹುದಾದವರೂ ಆ ಮೂಲೆಯಲ್ಲಿಯೇ ಉಳಿಯುತ್ತಾರೆ. ಗುಣವಾಗದವರಿಗಾದರೂ ಬೈಗಳು ತಪ್ಪುತ್ತದೆ.

ಇನ್ನೊಂದು ಮಾತು. ಮರೆವನ್ನು ಅಳೆಯುವ ಪರೀಕ್ಷೆಗಳಲ್ಲಿ ಅನೇಕವು ಓದು ಬರಹ ಬಲ್ಲವರಿಗಾಗಿ ಆದುವು. ನಮ್ಮಲ್ಲಿ ಹಲವರ ಮನೆಗಳಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ಸಹಿ ಹಾಕಲೂ ಬಾರದ ಅಜ್ಜಿಯ ಜ್ಞಾಪಕ ಕಾಗದದ ಮೇಲಿಲ್ಲ. ಸಾರಿಗೆ ಹಾಕುವ ಉಪ್ಪಿನಲ್ಲಿ, ಸಂತೆಯ ಲೆಕ್ಕದಲ್ಲಿ, ಹೊಲದಿಂದ ಮನೆಗೆ ಬರುವ ದಾರಿಯಲ್ಲಿದೆ. ಅಲ್ಲಿ ಆದ ವ್ಯತ್ಯಾಸವನ್ನು ಗಮನಿಸಿ ವೈದ್ಯರಿಗೆ ತಿಳಿಸಬೇಕಾದವರು ಯಾರು? ನಾವಲ್ಲವೇ? ಪದವಿಯ ಋಣವನ್ನು ತೀರಿಸಲು ಇದಕ್ಕಿಂತ ಹತ್ತಿರದ ಕೆಲಸ ನನಗಂತೂ ತೋರದು.