ಹತ್ತಿಗೆ ಹುಳು ಬಿದ್ದಾಗ ರೈತ ಕೇಳುವುದು ಯಾರನ್ನು? ತಜ್ಞರ ಉತ್ತರ ಹೊಲಕ್ಕೆ ತಲುಪದಿದ್ದರೆ ಏನಾಗುತ್ತದೆ?

ನಾಗ್ಪುರ: ಹತ್ತಿ ಗಿಡದಲ್ಲಿ ಹುಳು ಕಂಡ ದಿನ ರೈತನ ಮುಂದೆ ಇರುವುದು ಒಂದೇ ಪ್ರಶ್ನೆ: ಈಗ ಯಾವ ಎಣ್ಣೆ ಹೊಡೆಯಬೇಕು? ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ದೇಶದಲ್ಲಿ ಸಂಶೋಧನಾ ಸಂಸ್ಥೆಗಳಿವೆ, ಕೃಷಿ ವಿಶ್ವವಿದ್ಯಾಲಯಗಳಿವೆ, ಉಚಿತ ಸಹಾಯವಾಣಿ ಇದೆ, ರೇಡಿಯೊ ಕಾರ್ಯಕ್ರಮಗಳಿವೆ. ಆದರೂ ಬಹುಪಾಲು ರೈತರಿಗೆ ಉತ್ತರ ಸಿಗುವುದು ಬೇರೆ ಕಡೆಯಿಂದ. ಆ ಉತ್ತರ ತಪ್ಪಾದರೆ ಬೆಳೆ ಮಾತ್ರವಲ್ಲ, ಜೀವವೂ ಹೋಗಬಹುದು ಎಂಬುದಕ್ಕೆ ವಿದರ್ಭದ 2017ರ ಮುಂಗಾರು ಹಂಗಾಮು ಸಾಕ್ಷಿ.

2017ರಲ್ಲಿ ನಡೆದಿದ್ದೇನು?

ಆ ವರ್ಷ ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಯವತ್ಮಾಳ ಜಿಲ್ಲೆಯ ಆಸ್ಪತ್ರೆಗಳಿಗೆ ರೈತರು ಮತ್ತು ಕೂಲಿ ಕಾರ್ಮಿಕರು ಒಬ್ಬರ ಹಿಂದೆ ಒಬ್ಬರಂತೆ ದಾಖಲಾಗತೊಡಗಿದರು. ಎಲ್ಲರೂ ಹತ್ತಿ ಹೊಲದಲ್ಲಿ ಕೀಟನಾಶಕ ಸಿಂಪಡಿಸಿದವರು. ಜಿಲ್ಲೆಯೊಂದರಲ್ಲೇ 20ಕ್ಕೂ ಹೆಚ್ಚು ಮಂದಿ ಮೃತಪಟ್ಟರು, ನೂರಾರು ಜನ ಚಿಕಿತ್ಸೆ ಪಡೆದರು. ಮಹಾರಾಷ್ಟ್ರ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಮೊನೊಕ್ರೊಟೋಫಾಸ್ ಸೇರಿದಂತೆ ಐದು ಬಗೆಯ ಕೀಟನಾಶಕಗಳ ಮಾರಾಟವನ್ನು ವಿದರ್ಭದ ಕೆಲ ಜಿಲ್ಲೆಗಳಲ್ಲಿ ತಾತ್ಕಾಲಿಕವಾಗಿ ನಿಷೇಧಿಸಿತು. ತರಕಾರಿ ಬೆಳೆಗಳ ಮೇಲೆ ಮೊನೊಕ್ರೊಟೋಫಾಸ್ ಬಳಕೆಯನ್ನು ಕೇಂದ್ರ 2005ರಲ್ಲೇ ನಿಷೇಧಿಸಿತ್ತು. ಹತ್ತಿಗೆ ಆ ನಿರ್ಬಂಧ ಇರಲಿಲ್ಲ.

ಕಾರಣಗಳು ಹಲವು. ಆ ಹಂಗಾಮಿನಲ್ಲಿ ಗಿಡಗಳು ಆಳೆತ್ತರಕ್ಕೆ ಬೆಳೆದಿದ್ದವು, ಸಿಂಪಡಿಸಿದ ವಿಷ ಮುಖಕ್ಕೇ ಬಡಿಯುತ್ತಿತ್ತು. ಕೈಗವಸು, ಮುಖಗವಸು ಇರಲಿಲ್ಲ. ಎರಡು ಮೂರು ಔಷಧಗಳನ್ನು ಒಟ್ಟಿಗೆ ಬೆರೆಸಿ ಹೊಡೆಯುವ ರೂಢಿ ಇತ್ತು. ಹೀಗೆ ಬೆರೆಸಿದಾಗ ವೈದ್ಯರಿಗೂ ಕಷ್ಟ. ಯಾವ ವಿಷ ದೇಹ ಸೇರಿದೆ ಎಂದು ತಿಳಿಯದಿದ್ದರೆ ಯಾವ ಪ್ರತಿವಿಷ ಕೊಡಬೇಕು ಎಂಬುದೂ ತಿಳಿಯುವುದಿಲ್ಲ.

ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ಯವತ್ಮಾಳದಿಂದ ಸುಮಾರು 150 ಕಿ.ಮೀ. ದೂರದ ನಾಗ್ಪುರದಲ್ಲೇ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಇದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1976ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಹತ್ತಿಯ ವಿಚಾರದಲ್ಲಿ ದೇಶದ ಅತ್ಯುನ್ನತ ತಜ್ಞರ ತಾಣ. ಅಂದರೆ ಉತ್ತರ ಗೊತ್ತಿದ್ದವರು ಪಕ್ಕದಲ್ಲೇ ಇದ್ದರು. ಆ ಉತ್ತರ ಪಂಪು ಹೊತ್ತವನ ಕಿವಿಗೆ ಬೀಳಲಿಲ್ಲ.

ಸರಿಯಾದ ಉತ್ತರ ಏಕೆ ಅಷ್ಟು ಸುಲಭವಲ್ಲ?

ಗುಲಾಬಿ ಕಾಯಿಕೊರಕದ ಉದಾಹರಣೆಯನ್ನೇ ನೋಡಿ. ಬಿಟಿ ಹತ್ತಿಗೆ ಭಾರತದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಎರಡು ವಂಶವಾಹಿಗಳಿರುವ ಬೋಲ್‌ಗಾರ್ಡ್-2 ಬಂದಿದ್ದು 2006ರಲ್ಲಿ. ಕಾಯಿಕೊರಕದ ಕಾಟ ಮುಗಿಯಿತು ಎಂದೇ ರೈತರು ನಂಬಿದ್ದರು. ಆದರೆ ಮೊದಲ ತಳಿಗೆ ಗುಲಾಬಿ ಹುಳು ಒಗ್ಗಿಕೊಂಡಿದೆ ಎಂಬ ಸುದ್ದಿ 2010ರಲ್ಲಿ ಗುಜರಾತ್‌ನಿಂದ ಬಂತು. ಮುಂದೆ ಎರಡನೇ ತಳಿಯನ್ನೂ ಅದು ಜಯಿಸಿತು. 2017ರಲ್ಲಿ ಮಹಾರಾಷ್ಟ್ರದ ರೈತರಿಗೆ ಇದೇ ಹುಳು ಭಾರೀ ನಷ್ಟ ತಂದಿತು.

ಈ ಹುಳುವಿನ ಸ್ವಭಾವವೇ ಬೇರೆ. ಪತಂಗ ಮೊಗ್ಗು, ಹೂ, ಎಳೆ ಕಾಯಿಗಳ ಮೇಲೆ ಮೊಟ್ಟೆ ಇಡುತ್ತದೆ. ಮರಿಹುಳು ಕಾಯಿಯೊಳಗೆ ನುಗ್ಗಿದ ಮೇಲೆ ರಂಧ್ರ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ, ಒಡೆದು ನೋಡಿದರೆ ಅರಳೆ ಹಾಳಾಗಿರುತ್ತದೆ. ಆ ಹೊತ್ತಿಗೆ ಎಷ್ಟೇ ದುಬಾರಿ ಔಷಧ ಹೊಡೆದರೂ ಅದು ಒಳಗಿನ ಹುಳುವಿಗೆ ಮುಟ್ಟುವುದಿಲ್ಲ.

ಹಾಗಾಗಿ ತಜ್ಞರ ಸಲಹೆ ಸಿಂಪಡಣೆಗಿಂತ ಮೊದಲೇ ಶುರುವಾಗುತ್ತದೆ. ಹೊಲದಲ್ಲಿ ಮೋಹಕ ಬಲೆ ಕಟ್ಟಿ. ಒಂದು ಬಲೆಗೆ ದಿನಕ್ಕೆ 8 ಪತಂಗದಂತೆ ಸತತ ಮೂರು ದಿನ ಬಿದ್ದರೆ ಮಾತ್ರ ಔಷಧದ ಯೋಚನೆ ಮಾಡಿ. ಅರಳದೆ ಗುಲಾಬಿಯಂತೆ ಮುದುಡಿದ ಹೂಗಳನ್ನು ಕಿತ್ತು ನಾಶಮಾಡಿ. ಡಿಸೆಂಬರ್ ಹೊತ್ತಿಗೆ ಬೆಳೆ ಮುಗಿಸಿ, ಇನ್ನೊಂದು ಬಿಡಿಸುವಿಕೆಯ ಆಸೆಗೆ ಗಿಡ ಉಳಿಸಿಕೊಳ್ಳಬೇಡಿ. ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ರಾಶಿ ಹಾಕಬೇಡಿ.

ಗಮನಿಸಿ, ಈ ಸಲಹೆಗಳಲ್ಲಿ ಬಹುತೇಕ ಯಾವುದರಿಂದಲೂ ಅಂಗಡಿಯಲ್ಲಿ ಡಬ್ಬಿ ಮಾರಾಟವಾಗುವುದಿಲ್ಲ. "ಈಗ ಹೊಡೆಯಬೇಡಿ, ಮೂರು ದಿನ ನೋಡಿ" ಎಂಬ ಉತ್ತರದಿಂದ ಯಾರಿಗೂ ಲಾಭವಿಲ್ಲ, ರೈತನೊಬ್ಬನನ್ನು ಬಿಟ್ಟು.

ಹಾಗಾದರೆ ಉತ್ತರ ಕೊಡುತ್ತಿರುವವರು ಯಾರು?

ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ 2003ರಲ್ಲಿ ಇದನ್ನೇ ರೈತ ಕುಟುಂಬಗಳಿಗೆ ಕೇಳಿತ್ತು. ಯಾವುದೇ ಮೂಲದಿಂದ ತಾಂತ್ರಿಕ ಮಾಹಿತಿ ಪಡೆದ ಕುಟುಂಬಗಳು ಸುಮಾರು ಶೇ. 40 ಮಾತ್ರ. ಪ್ರಗತಿಪರ ರೈತರಿಂದ ಮಾಹಿತಿ ಪಡೆದವರು ಸುಮಾರು ಶೇ. 17, ಬೀಜ-ಗೊಬ್ಬರ ವ್ಯಾಪಾರಿಗಳಿಂದ ಮತ್ತು ರೇಡಿಯೊದಿಂದ ಪಡೆದವರು ತಲಾ ಶೇ. 13. ಸರ್ಕಾರಿ ಕೃಷಿ ವಿಸ್ತರಣಾ ಸಿಬ್ಬಂದಿಯಿಂದ ಪಡೆದವರು ಶೇ. 6ಕ್ಕಿಂತ ಕಡಿಮೆ.

ಹತ್ತು ವರ್ಷದ ನಂತರ, 2013ರ ಸಮೀಕ್ಷೆಯಲ್ಲಿ ಸಲಹೆ ಪಡೆದವರ ಪ್ರಮಾಣ ಸುಮಾರು ಶೇ. 41. ಈ ಹತ್ತು ವರ್ಷದಲ್ಲಿ ಮೊಬೈಲ್ ಹಳ್ಳಿ ಹಳ್ಳಿಗೂ ಬಂತು, ಸಹಾಯವಾಣಿ ಬಂತು. ಒಟ್ಟು ಚಿತ್ರ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ.

ವ್ಯಾಪಾರಿಯನ್ನು ಖಳನಾಯಕನಂತೆ ನೋಡುವುದು ಸುಲಭ. ಆದರೆ ರೈತ ಅಲ್ಲಿಗೇ ಹೋಗುವುದಕ್ಕೆ ಕಾರಣಗಳಿವೆ. ಗೊಬ್ಬರದ ಅಂಗಡಿ ಹತ್ತಿರದಲ್ಲಿದೆ, ರಾತ್ರಿ ಎಂಟಕ್ಕೂ ತೆರೆದಿರುತ್ತದೆ. ಅಂಗಡಿಯವರಿಗೆ ರೈತನ ಹೊಲ ಗೊತ್ತು, ಮನೆ ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ ಉದ್ರಿ ಸಿಗುತ್ತದೆ. ಹಳೆ ಬಾಕಿ ಇರುವಾಗ ಅವರು ಕೊಟ್ಟ ಡಬ್ಬಿಯನ್ನು ಬೇಡ ಎನ್ನುವ ಧೈರ್ಯ ಎಷ್ಟು ಜನಕ್ಕಿದೆ?

ಇದನ್ನು ಮನಗಂಡೇ ಹೈದರಾಬಾದ್‌ನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ 'ಮ್ಯಾನೇಜ್' 2003ರಲ್ಲಿ ವ್ಯಾಪಾರಿಗಳಿಗಾಗಿ 'ದೇಸಿ' ಎಂಬ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ವ್ಯಾಪಾರಿಗೆ ಕೀಟ, ರೋಗ, ಮಣ್ಣಿನ ಪಾಠ ಹೇಳಿಕೊಡುವ ಒಳ್ಳೆಯ ಪ್ರಯತ್ನ ಇದು. ಆದರೆ ತರಬೇತಿಯಿಂದ ತಿಳಿವಳಿಕೆ ಬರುತ್ತದೆಯೇ ಹೊರತು ವ್ಯಾಪಾರದ ಹಿತಾಸಕ್ತಿ ಹೋಗುವುದಿಲ್ಲ. ಸಲಹೆ ಕೊಡುವವರೂ ಮಾರುವವರೂ ಒಬ್ಬರೇ ಆಗಿರುವವರೆಗೆ ಸಮಸ್ಯೆಯ ಬೇರು ಹಾಗೇ ಇರುತ್ತದೆ.

ಸಹಾಯವಾಣಿಯಿಂದ ಎಷ್ಟು ಸಹಾಯ?

ಕಿಸಾನ್ ಕಾಲ್ ಸೆಂಟರ್ ಆರಂಭವಾಗಿದ್ದು 2004ರ ಜನವರಿ 21ರಂದು. 1800-180-1551 ಸಂಖ್ಯೆಗೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಉಚಿತವಾಗಿ ಕರೆ ಮಾಡಬಹುದು. ಕನ್ನಡ ಸೇರಿ 22 ಭಾಷೆಗಳಲ್ಲಿ ಉತ್ತರ ಸಿಗುತ್ತದೆ. ಮೊದಲು ಮಾತನಾಡುವವರು ಕೃಷಿ ಪದವೀಧರರು, ಅವರಿಗೆ ತಿಳಿಯದಿದ್ದರೆ ಕರೆ ಮೇಲಿನ ಹಂತದ ತಜ್ಞರಿಗೆ ಹೋಗುತ್ತದೆ. ಬರುವ ಪ್ರಶ್ನೆಗಳಲ್ಲಿ ದೊಡ್ಡ ಪಾಲು ಹವಾಮಾನ ಮತ್ತು ಕೀಟ-ರೋಗಕ್ಕೆ ಸಂಬಂಧಿಸಿದ್ದು. ನಾಗ್ಪುರದ ಹತ್ತಿ ಸಂಸ್ಥೆ ಕೂಡ 'ಇ-ಕಪಾಸ್' ಹೆಸರಿನಲ್ಲಿ ಸ್ಥಳೀಯ ಭಾಷೆಗಳಲ್ಲಿ ರೈತರ ಮೊಬೈಲ್‌ಗೆ ಧ್ವನಿ ಸಂದೇಶ ಕಳುಹಿಸುವ ವ್ಯವಸ್ಥೆ ರೂಪಿಸಿತು. ಇದಲ್ಲದೆ ದೇಶದಲ್ಲಿ 700ಕ್ಕೂ ಹೆಚ್ಚು ಕೃಷಿ ವಿಜ್ಞಾನ ಕೇಂದ್ರಗಳಿವೆ, ಕರ್ನಾಟಕದಲ್ಲಿ ಹೋಬಳಿ ಮಟ್ಟದಲ್ಲೇ ರೈತ ಸಂಪರ್ಕ ಕೇಂದ್ರಗಳಿವೆ.

ಇವೆಲ್ಲಕ್ಕೂ ಒಂದು ಸಮಾನ ಮಿತಿ ಇದೆ. ಫೋನಿನ ಆಚೆ ಇರುವ ತಜ್ಞ ಎಲೆಯನ್ನು ಕಣ್ಣಾರೆ ನೋಡಿಲ್ಲ. "ಹುಳು ಬಿದ್ದಿದೆ" ಎಂದಷ್ಟೇ ಹೇಳಿದರೆ ಅದು ರಸ ಹೀರುವ ಕೀಟವೋ ಕಾಯಿಕೊರಕವೋ ಎಂದು ಊಹಿಸಬೇಕು. ಧ್ವನಿ ಸಂದೇಶವಂತೂ ಒಮ್ಮುಖ, ಮರುಪ್ರಶ್ನೆ ಕೇಳಲು ಆಗದು.

ಈಗ ಚಾಟ್‌ಬಾಟ್‌ಗಳ ಕಾಲ. ಪಿಎಂ-ಕಿಸಾನ್ ಯೋಜನೆಯ ಪ್ರಶ್ನೆಗಳಿಗೆ ಉತ್ತರಿಸಲು ಕೇಂದ್ರ 2023ರ ಸೆಪ್ಟೆಂಬರ್‌ನಲ್ಲಿ 'ಕಿಸಾನ್ ಇ-ಮಿತ್ರ' ತಂದಿತು. ಕಂತಿನ ಹಣ ಏಕೆ ಬಂದಿಲ್ಲ ಎಂಬ ಪ್ರಶ್ನೆಗೆ ಯಂತ್ರ ಉತ್ತರಿಸಿದರೆ ತೊಂದರೆ ಕಡಿಮೆ. ಆದರೆ ಒಂದು ಲೀಟರ್ ನೀರಿಗೆ ಎಷ್ಟು ಎಂಎಲ್ ಔಷಧ ಎಂಬ ಪ್ರಶ್ನೆಗೆ ತಪ್ಪು ಉತ್ತರ ಬಂದರೆ ಹೊಣೆ ಯಾರದು? ಈ ಬಗೆಯ ಸೇವೆಗಳು ವಿಸ್ತಾರವಾಗುವ ಮುನ್ನ ಅದು ಸ್ಪಷ್ಟವಾಗಬೇಕು.

ಪ್ರಶ್ನೆ ಕೇಳಲೇ ಇಲ್ಲದವರು

ಯವತ್ಮಾಳದಲ್ಲಿ ವಿಷ ತಗುಲಿದವರಲ್ಲಿ ಅನೇಕರು ಜಮೀನಿನ ಮಾಲೀಕರಲ್ಲ, ದಿನಗೂಲಿಗೆ ಸಿಂಪಡಿಸಲು ಬಂದವರು. ತಜ್ಞರ ಸಲಹಾ ವ್ಯವಸ್ಥೆ ನಿಂತಿರುವುದು ಮಾಲೀಕನ ಮೊಬೈಲ್ ಸಂಖ್ಯೆಯ ಮೇಲೆ. ಸಂದೇಶ ಹೋಗುವುದು ಅವನಿಗೆ, ಅಂಗಡಿಯಲ್ಲಿ ಮಾತಾಡುವುದು ಅವನು, ಡಬ್ಬಿಯ ಮೇಲಿನ ಚೀಟಿ ಓದಬೇಕಾದವನೂ ಅವನೇ. ಪಂಪು ಬೆನ್ನಿಗೇರಿಸುವವನಿಗೆ ಯಾರೂ ಏನೂ ಹೇಳುವುದಿಲ್ಲ. ಅವನು ಕೇಳುವುದೂ ಇಲ್ಲ, ಕೇಳಿದರೆ ನಾಳೆ ಕೂಲಿಗೆ ಕರೆಯದಿದ್ದರೆ ಎಂಬ ಅಳುಕು. 2017ರ ನಂತರ ಕೈಗವಸು, ಮುಖಗವಸಿನ ಬಗ್ಗೆ ಸಾಕಷ್ಟು ಮಾತಾಯಿತು. ಈ ಸಂವಾದದ ಅಂತರದ ಬಗ್ಗೆ ಅಷ್ಟು ಮಾತಾಗಲಿಲ್ಲ.

ಕರ್ನಾಟಕಕ್ಕೆ ಇದರಿಂದ ಏನು ಪಾಠ?

ರಾಯಚೂರು, ಯಾದಗಿರಿ, ಕಲಬುರಗಿ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಹತ್ತಿ ದೊಡ್ಡ ಬೆಳೆ. ಗುಲಾಬಿ ಹುಳು ಇಲ್ಲಿಯೂ ಇದೆ, ಔಷಧ ಬೆರೆಸಿ ಹೊಡೆಯುವ ರೂಢಿಯೂ ಇದೆ. ಹಾಗೆಂದು ಇಲ್ಲಿ ತಜ್ಞರ ಕೊರತೆ ಇಲ್ಲ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು 1972ರಲ್ಲಿ 'ವರಲಕ್ಷ್ಮಿ' ಸಂಕರಣ ಹತ್ತಿಯನ್ನು ಕೊಟ್ಟಿದ್ದರು. ಅದು ಹಳ್ಳಿ ಹಳ್ಳಿಗೆ ತಲುಪಿದ್ದು ವಿಜ್ಞಾನಿಗಳು ಮತ್ತು ರೈತರು ಹೊಲದಲ್ಲೇ ಮುಖಾಮುಖಿಯಾಗಿದ್ದರಿಂದ. ಬೀಜಕ್ಕೆ ಸಾಧ್ಯವಾದದ್ದು ಸಲಹೆಗೂ ಸಾಧ್ಯವಾಗಬೇಕು.

ಅದಕ್ಕೆ ದೊಡ್ಡ ಯೋಜನೆಯೇ ಬೇಕೆಂದೇನಿಲ್ಲ. ರೈತ ಸಂಪರ್ಕ ಕೇಂದ್ರದ ಅಧಿಕಾರಿ ಔಷಧದ ಹೆಸರು, ಪ್ರಮಾಣವನ್ನು ಚೀಟಿಯಲ್ಲಿ ಬರೆದುಕೊಡಬಹುದು, ಅಂಗಡಿಯವರು ಅದನ್ನೇ ಕೊಡಬೇಕು ಎಂಬ ನಿಯಮ ತರಬಹುದು. ಸಿಂಪಡಿಸುವ ಕಾರ್ಮಿಕರನ್ನು ಪ್ರತ್ಯೇಕವಾಗಿ ನೋಂದಾಯಿಸಿ ಅವರ ಮೊಬೈಲ್‌ಗೇ ಸಂದೇಶ ಕಳುಹಿಸಬಹುದು. ಖಾಲಿ ಇರುವ ಕೃಷಿ ಇಲಾಖೆಯ ಹುದ್ದೆಗಳನ್ನು ಹಂಗಾಮಿಗೆ ಮುಂಚೆ ತುಂಬಬಹುದು.

ಅಲ್ಲಿಯವರೆಗೆ ನೀವು ಏನು ಮಾಡಬಹುದು?

* ಕರೆ ಮಾಡುವ ಮುನ್ನ ಬಿತ್ತಿದ ದಿನ, ತಳಿಯ ಹೆಸರು, ಈಗಾಗಲೇ ಹೊಡೆದ ಔಷಧ, ಕೊನೆಯ ಮಳೆ ಬಿದ್ದ ದಿನ ಬರೆದಿಟ್ಟುಕೊಳ್ಳಿ. ಪ್ರಶ್ನೆ ಸ್ಪಷ್ಟವಾಗಿದ್ದರೆ ಉತ್ತರವೂ ಸ್ಪಷ್ಟವಾಗಿರುತ್ತದೆ.

* ಹೊಲದ ಬೇರೆ ಬೇರೆ ಕಡೆಯಿಂದ ಹತ್ತಿಪ್ಪತ್ತು ಕಾಯಿ ಕಿತ್ತು ಒಡೆದು ನೋಡಿ. ಎಷ್ಟರಲ್ಲಿ ಹುಳು ಇದೆ ಎಂದು ಎಣಿಸಿ ಹೇಳಿ.

* ಔಷಧ ಕೊಂಡರೆ ಬಿಲ್ ಕೇಳಿ ಪಡೆಯಿರಿ. ಡಬ್ಬಿಯ ಮೇಲಿನ ವಜ್ರಾಕಾರದ ಗುರುತಿನ ಕೆಳಭಾಗ ನೋಡಿ. ಕೆಂಪು ಬಣ್ಣ ಅತ್ಯಂತ ವಿಷಕಾರಿ, ನಂತರ ಹಳದಿ, ನೀಲಿ, ಹಸಿರು.

* ತಜ್ಞರು ಹೇಳದೆ ಎರಡು ಔಷಧ ಬೆರೆಸಬೇಡಿ. ಗಾಳಿಗೆ ಎದುರಾಗಿ ನಿಂತು ಹೊಡೆಯಬೇಡಿ.

* ಸಿಂಪಡಿಸಿದವರಿಗೆ ತಲೆಸುತ್ತು, ವಾಂತಿ, ಕಣ್ಣು ಮಂಜಾಗುವುದು, ಬೆವರು ಕಂಡರೆ ಬಟ್ಟೆ ಬದಲಿಸಿ, ಸೋಪು ಹಾಕಿ ಮೈ ತೊಳೆಸಿ, ತಕ್ಷಣ 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಹೋಗುವಾಗ ಔಷಧದ ಡಬ್ಬಿಯನ್ನು ಮರೆಯದೆ ಜೊತೆಗೆ ಒಯ್ಯಿರಿ. ಯಾವ ವಿಷ ಎಂಬ ವೈದ್ಯರ ಮೊದಲ ಪ್ರಶ್ನೆಗೆ ಉತ್ತರ ಇರುವುದು ಅದರ ಮೇಲೆಯೇ.